ಕುಲುಮೆಯಿಂದ ಪ್ರಯೋಗಶಾಲೆಗೆ: ಹಳಿಯಾಳ ಸೀಮೆಯ ಹಿನ್ನೆಲೆಯಲ್ಲಿ ಮಾಡಿ ಕಲಿಯುವ ಪರಂಪರೆ

ಹಳಿಯಾಳ ತಾಲೂಕಿನ ತೇರಗಾಂವ, ಧಾರವಾಡದ ಬಯಲುಸೀಮೆಗೂ ದಾಂಡೇಲಿ-ಜೋಯಿಡಾದ ಕಾಡಿಗೂ ನಡುವಣ ಸೆರಗಿನ ಗ್ರಾಮ. ಹೆಸರಿನ ಕೊನೆಯಲ್ಲಿರುವ ‘ಗಾಂವ’ ಎಂಬ ರೂಪವೇ ಇಲ್ಲಿ ಕನ್ನಡದೊಡನೆ ಮರಾಠಿ, ಕೊಂಕಣಿಗಳು ಬೆರೆತ ಚರಿತ್ರೆಯನ್ನು ಸೂಚಿಸುತ್ತದೆ. ಭತ್ತ, ಗೋವಿನಜೋಳ, ಕಬ್ಬು ಬೆಳೆಯುವ ಈ ಸೀಮೆಗೆ ದೊಡ್ಡ ಯಂತ್ರಗಳು ಹೊಸವಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆ 1955ರಷ್ಟು ಹಿಂದಿನದು. ಕಾಳಿ ನದಿಗೆ ಸೂಪಾದಲ್ಲಿ ಕಟ್ಟಿದ ಅಣೆಕಟ್ಟಿನ ನೀರು ರಾಜ್ಯಕ್ಕೆಲ್ಲ ವಿದ್ಯುತ್ತನ್ನು ಕೊಟ್ಟಿದೆ. ಅದಕ್ಕಾಗಿ ಊರುಗಳೇ ಮುಳುಗಿವೆ. ವಿದ್ಯುತ್ತಿಗಾಗಿ ನೆಲವನ್ನು ತೆತ್ತ ಈ ನಾಡಿನ ಮಕ್ಕಳಿಗೆ ಒಂದು ವಿದ್ಯುನ್ಮಂಡಲವನ್ನು ತಮ್ಮ ಕೈಯಿಂದ ಜೋಡಿಸಿ, ಕೆಡಿಸಿ, ಮತ್ತೆ ಜೋಡಿಸಿ ನೋಡುವ ಅವಕಾಶ ಹೇಗೆ ಮತ್ತು ಯಾವಾಗ ಒದಗಿತು ಎಂಬುದು ಶಿಕ್ಷಣದ ಇತಿಹಾಸಕ್ಕೆ ಎಷ್ಟು ಸೇರಿದ್ದೋ ಜಾನಪದದ ಅಧ್ಯಯನಕ್ಕೂ ಅಷ್ಟೇ ಸೇರಿದ ಪ್ರಶ್ನೆ.

ರೋಬೋಟಿಕ್ಸ್ ಮತ್ತು ಎಲೆಕ್ಟ್ರಾನಿಕ್ಸ್‌ಗಳನ್ನು ಮಕ್ಕಳಿಗೆ ‘ಮಾಡಿ ಕಲಿಯುವ’ ಕ್ರಮದಲ್ಲಿ ಹೇಳಿಕೊಡುವುದನ್ನು ಹೊರಗಿನಿಂದ ಬಂದ ಹೊಸ ವಿಚಾರವೆಂದೇ ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಉಪಕರಣಗಳ ಮಟ್ಟಿಗೆ ಇದು ನಿಜ; ಕ್ರಮದ ಮಟ್ಟಿಗೆ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ಮನೆಗಳಲ್ಲಿ ಮಕ್ಕಳು ಎರೆಮಣ್ಣಿನಿಂದ ಎತ್ತು ಮಾಡುತ್ತಾರೆ. ಜೋಳದ ದಂಟಿನ ಬೆಂಡು ಮತ್ತು ಸಿಬಿರುಗಳಿಂದ ಬಂಡಿ ಕಟ್ಟುವುದು, ಎರಡು ಬೆಂಕಿಪೊಟ್ಟಣಗಳಿಗೆ ದಾರ ಬಿಗಿದು ಮಾತು ಕೇಳುವುದು ಇವೆಲ್ಲ ಸುಗ್ಗಿಯ ಬಿಡುವಿನ ಆಟಗಳಾಗಿದ್ದವು. ಮಲೆನಾಡಿನ ಕಡೆಯ ಪೆಟ್ಲು ಇನ್ನೂ ಸೂಕ್ಷ್ಮವಾದ ರಚನೆ. ಸಣ್ಣ ಬಿದಿರಿನ ಕೊಳವೆಯ ಎರಡೂ ತುದಿಗೆ ಕಾಯಿಗಳನ್ನು ಬಿಗಿದು ಹಿಂದಿನದನ್ನು ಕೋಲಿನಿಂದ ನೂಕಿದರೆ, ನಡುವೆ ಸಿಕ್ಕ ಗಾಳಿ ಒತ್ತಿಕೊಂಡು ಮುಂದಿನ ಕಾಯಿಯನ್ನು ಸದ್ದಿನೊಡನೆ ಹಾರಿಸುತ್ತದೆ. ಕಾಯಿ ಸಡಿಲವಾದರೆ ಗಾಳಿ ಸೋರುತ್ತದೆ, ದಪ್ಪವಾದರೆ ಕೋಲು ಮುರಿಯುತ್ತದೆ. ಸರಿಯಾದ ಅಳತೆಯನ್ನು ಯಾರೂ ಹೇಳಿಕೊಡುತ್ತಿರಲಿಲ್ಲ. ಹಾರದ ಕಾಯಿಯೇ ಹೇಳಿಕೊಡುತ್ತಿತ್ತು. ಶಾಲೆ ಈ ವಿದ್ಯೆಗೆ ಎಂದೂ ಅಂಕ ಕೊಡಲಿಲ್ಲವೆಂಬುದು ಬೇರೆ ಮಾತು.

ಆಟದಿಂದ ಕಸುಬಿಗೆ ಬಂದಾಗ ಚಿತ್ರ ಬದಲಾಗುತ್ತದೆ. ಆಯದ ಪದ್ಧತಿಯಲ್ಲಿ ಬಡಿಗ ಮತ್ತು ಕಂಬಾರರು ರೈತರಿಂದ ಕಾಳು ಪಡೆದು ನೇಗಿಲು, ಕುಂಟೆ, ಕೂರಿಗೆಗಳನ್ನು ಮಾಡಿಕೊಡುತ್ತಿದ್ದರು. ಬಟ್ಟಲಿಗೆ ಬಿಟ್ಟ ಬೀಜವನ್ನು ಕೊಳವೆಗಳ ಮೂಲಕ ಮೂರು ನಾಲ್ಕು ಸಾಲಿಗೆ ಸಮನಾಗಿ ಹಂಚುವ ಕೂರಿಗೆಯನ್ನು ಯಂತ್ರವೆಂದೇ ಕರೆಯಬೇಕು. ಕುಲುಮೆಯ ಮುಂದೆ ಕುಳಿತ ಹುಡುಗ ಮೊದಲು ತಿದಿ ಒತ್ತುತ್ತಿದ್ದ, ಆಮೇಲೆ ಇಕ್ಕಳ ಹಿಡಿಯುತ್ತಿದ್ದ, ಬಹುಕಾಲದ ನಂತರ ಸುತ್ತಿಗೆ ಎತ್ತುತ್ತಿದ್ದ. ಕಾದ ಕಬ್ಬಿಣದ ಬಣ್ಣ ನೋಡಿ ಬಿಸಿಯನ್ನು ಅಳೆಯುವ ಕಣ್ಣು ಹೀಗೆ ತಯಾರಾಗುತ್ತಿತ್ತು. ಆದರೆ ಕುಲುಮೆಯ ಮುಂದಿನ ಆ ಜಾಗ ಹುಟ್ಟಿನಿಂದ ಬರುತ್ತಿತ್ತು. ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯ ಸಿದ್ದಿ, ಗೌಳಿ, ಕುಣಬಿ ಮಕ್ಕಳಿಗೆ ಕಾಡಿನ, ದನಕರುಗಳ, ಗದ್ದೆಯ ಅರಿವು ಧಾರಾಳವಾಗಿದ್ದರೂ ಆ ಜಾಗ ಅವರದಾಗಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಏಳುತ್ತಲೇ ಇರಲಿಲ್ಲ. ದೇಸಿ ತಂತ್ರಜ್ಞಾನವನ್ನು ಕೊಂಡಾಡುವ ಬರಹಗಳು ಈ ಬೇಲಿಯನ್ನು ಕಾಣದಂತೆ ದಾಟಿಬಿಡುವುದುಂಟು.

ಜ್ಞಾನದ ನಿರಂತರತೆಗೆ ಕಲಾಯಿಯ ಉದಾಹರಣೆ ಸಾಕು. ಕಲಾಯಿಗಾರ ತಾಮ್ರದ ಪಾತ್ರೆಯನ್ನು ಕಾಯಿಸಿ ನವಸಾಗರ ಉಜ್ಜುತ್ತಿದ್ದ. ತಾಮ್ರದ ಮೈಮೇಲಿನ ಆಕ್ಸೈಡ್ ಪದರವನ್ನು ಅದು ಕಿತ್ತುಹಾಕಿದ ಕೂಡಲೇ ತವರವನ್ನು ಸವರಿದರೆ ಅದು ಹಿಡಿದುಕೊಳ್ಳುತ್ತಿತ್ತು. ಇಂದು ಎಲೆಕ್ಟ್ರಾನಿಕ್ಸ್ ಹಲಗೆಯ ಮೇಲೆ ಬೆಸುಗೆ ಹಾಕುವ ವಿದ್ಯಾರ್ಥಿ ಮಾಡುವುದೂ ಇದನ್ನೇ. ನವಸಾಗರದ ಜಾಗಕ್ಕೆ ರಾಳ ಬಂದಿದೆ, ಒಲೆಯ ಜಾಗಕ್ಕೆ ಬೆಸುಗೆ ಕಡ್ಡಿ. ತಾಮ್ರವೂ ತವರವೂ ಅವೇ. ‘ಬೆಸುಗೆ’ ಎಂಬ ಮಾತೂ ಅಕ್ಕಸಾಲಿಗರ ಬಾಯಿಂದ ಬಂದದ್ದೇ.

ಕೈಗೆಲಸವನ್ನು ಜಾತಿಯ ಬೇಲಿಯಿಂದ ಬಿಡಿಸಿ ಶಾಲೆಗೆ ತರುವ ಮೊದಲ ದೊಡ್ಡ ಯತ್ನ 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ರೂಪುಗೊಂಡ ಮೂಲಶಿಕ್ಷಣ. ಕಸುಬಿನ ಮೂಲಕವೇ ಗಣಿತ, ಭಾಷೆ, ಸಮಾಜಗಳನ್ನು ಕಲಿಸಬೇಕೆಂಬುದು ಗಾಂಧೀಜಿಯವರ ಆಶಯ. ಉತ್ತರ ಕನ್ನಡವು ಆಗ ಸೇರಿದ್ದ ಮುಂಬಯಿ ಪ್ರಾಂತ್ಯದ ಸರಕಾರ ಇದನ್ನು ಕೈಗೆತ್ತಿಕೊಂಡಿತ್ತು. ಕ್ರಮೇಣ ನೂಲುವುದೊಂದು ಉಳಿದು, ಅದರಿಂದ ಗಣಿತಕ್ಕೆ ಹೋಗುವ ದಾರಿ ಮುಚ್ಚಿಹೋಯಿತು. ಇದಕ್ಕೆ ಶಿಕ್ಷಕರ ತರಬೇತಿಯ ಕೊರತೆಯಷ್ಟನ್ನೇ ಕಾರಣವೆನ್ನಲಾಗದು. ಅಕ್ಷರಕ್ಕಾಗಿ ಮಕ್ಕಳನ್ನು ಕಳಿಸಿದ ದುಡಿಯುವ ವರ್ಗದ ತಂದೆತಾಯಂದಿರಿಗೆ ಶಾಲೆಯಲ್ಲೂ ದುಡಿಮೆಯೇ ಎದುರಾದಾಗ ಅದು ಮೋಸದಂತೆ ಕಂಡದ್ದು ಸಹಜ. ಕೊಠಾರಿ ಆಯೋಗದ ‘ಕಾರ್ಯಾನುಭವ’, 1977ರ ಈಶ್ವರಭಾಯಿ ಪಟೇಲ್ ಸಮಿತಿಯ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಇವೂ ವೇಳಾಪಟ್ಟಿಯ ಒಂದು ಸಾಲಿಗಿಂತ ಹೆಚ್ಚು ಬೆಳೆಯಲಿಲ್ಲ.

ಈ ನಡುವೆ ಶಾಲೆಯ ಹೊರಗೆ ಎಲೆಕ್ಟ್ರಾನಿಕ್ಸ್ ಕಲಿಕೆ ನಡೆದೇ ಇತ್ತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಈ ಭಾಗದಲ್ಲಿ ರೇಡಿಯೋ ಹರಡಿತು. ರೇಡಿಯೋ ಕೆಟ್ಟಾಗ ದುರಸ್ತಿಗಾರನ ಮೇಜಿನ ಬಳಿ ಹೊಸ ಕುಲುಮೆಯೊಂದು ಹುಟ್ಟಿತು. ಇಲ್ಲಿಯೂ ಹುಡುಗ ನೋಡುತ್ತಲೇ ಕಲಿತ, ಆದರೆ ಅವನ ಕುಲವನ್ನು ಕೇಳುವವರು ಕಡಿಮೆಯಾದರು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ 1965ರಲ್ಲಿ ಸಾರ್ವಜನಿಕರಿಗೆ ತೆರೆದ ಮೊದಲ ವಿಭಾಗ ವಿದ್ಯುತ್ತಿನದೇ. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ ಪತ್ರಿಕೆಯ ಮೂಲಕ ಪ್ರಯೋಗಗಳನ್ನು ಕನ್ನಡದಲ್ಲಿ ಹಳ್ಳಿಗೆ ಮುಟ್ಟಿಸಿತು. 1999ರಲ್ಲಿ ಆರಂಭವಾದ ಅಗಸ್ತ್ಯ ಪ್ರತಿಷ್ಠಾನ ಸಂಚಾರಿ ಪ್ರಯೋಗಾಲಯಗಳನ್ನು ಹಳ್ಳಿಯ ಶಾಲೆಗಳಿಗೆ ಒಯ್ದಿತು. ನೆರೆಯ ಮಹಾರಾಷ್ಟ್ರದ ಪಾಬಳದಲ್ಲಿ ಎಸ್. ಎಸ್. ಕಲಬಾಗ ಅವರು 1983ರಲ್ಲಿ ಸ್ಥಾಪಿಸಿದ ವಿಜ್ಞಾನ ಆಶ್ರಮವಂತೂ ಊರಿಗೆ ಬೇಕಾದ ಕೆಲಸಗಳನ್ನೇ ಪಠ್ಯವಾಗಿಸಿತು. ಶಾಲೆ ಬಿಟ್ಟ ಹಳ್ಳಿಯ ಮಕ್ಕಳ ಆ ಜಾಗದಲ್ಲೇ 2002ರಲ್ಲಿ ಅಮೆರಿಕದ ಎಂಐಟಿಯ ನೆರವಿನಿಂದ ಫ್ಯಾಬ್ ಲ್ಯಾಬ್ ಬಂದಿತು.

‘ರೋಬೋಟ್’ ಎಂಬ ಶಬ್ದ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ಚೆಕ್ ನಾಟಕದಿಂದ ಬಂದದ್ದು. ‘ರೊಬೋತ’ ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಬೇಕಾಗಿದ್ದ ದುಡಿಮೆ. ಕನ್ನಡದಲ್ಲಿ ಅದಕ್ಕೆ ‘ಬಿಟ್ಟಿ’ ಎಂಬ ಪದವಿದೆ. ಬಿಟ್ಟಿ ಮಾಡಿದ ಮನೆತನದ ಮಗು ಇಂದು ರೋಬೋಟಿಗೆ ಆಜ್ಞೆ ಬರೆಯುವ ಸ್ಥಾನದಲ್ಲಿ ಕೂರುವುದನ್ನು ತಂತ್ರಜ್ಞಾನದ ಕಲಿಕೆಯೆಂದಷ್ಟೇ ಎಣಿಸಲಾಗದು.

ಆ ಸ್ಥಾನವನ್ನು ಒದಗಿಸಲು ಹೊರಟದ್ದು 2016ರ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆ. ಆರರಿಂದ ಹನ್ನೆರಡನೆಯ ತರಗತಿಯವರಿಗಾಗಿ ಆಯ್ದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ನೆರವು. ಅದರಲ್ಲಿ 10 ಲಕ್ಷ ಸ್ಥಾಪನೆಗೆ, ಉಳಿದದ್ದು ಐದು ವರ್ಷಗಳ ನಿರ್ವಹಣೆಗೆ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ವಿದ್ಯಾರ್ಥಿಗಳಿಗಾಗಿಯೇ ರೂಪಿಸಿದ ಅರ್ಡುಯಿನೋ ಫಲಕ, ಸಂವೇದಕಗಳು, ಮೂರು ಆಯಾಮದ ಮುದ್ರಣಯಂತ್ರಗಳು ಇಲ್ಲಿ ಸಾಮಾನ್ಯ ಸಾಮಗ್ರಿ. ಆದರೆ ಮೊದಲ ಮಾರ್ಗಸೂಚಿ 1,500 ಚದರ ಅಡಿ ಜಾಗವನ್ನು ಕೇಳಿತು. ಗುಡ್ಡಗಾಡು ರಾಜ್ಯಗಳಿಗೆ ರಿಯಾಯಿತಿ ಇತ್ತು. ಜೋಯಿಡಾ ಗುಡ್ಡಗಾಡು, ಕರ್ನಾಟಕ ಗುಡ್ಡಗಾಡು ರಾಜ್ಯವಲ್ಲ. ಚದುರಿದ ಮಜರೆಗಳ ಶಾಲೆಗಳಿಗೆ ಇಂತಹ ಅಳತೆ ಕುಲುಮೆಯ ಹಳೆಯ ಬೇಲಿಯನ್ನೇ ಬೇರೆ ರೂಪದಲ್ಲಿ ಎಬ್ಬಿಸಬಲ್ಲದು.

ಜಾಗ ಸಿಕ್ಕಲ್ಲಿಯೂ ಸಾಮಗ್ರಿ ಕಪಾಟಿನಲ್ಲಿ ಬೀಗದೊಳಗೆ ಉಳಿಯುವುದುಂಟು. ಲೆಕ್ಕಪರಿಶೋಧನೆಯಲ್ಲಿ ಸುಟ್ಟ ಮೋಟಾರು ಶಿಕ್ಷಕನ ತಪ್ಪಾಗುತ್ತದೆ, ಮುಟ್ಟದ ಮೋಟಾರು ಆಗುವುದಿಲ್ಲ. ಹಾರದ ಕಾಯಿಯಿಂದ ಕಲಿಸುತ್ತಿದ್ದ ಪೆಟ್ಲುವಿಗೆ ದಾಸ್ತಾನು ಪುಸ್ತಕವಿರಲಿಲ್ಲ. ಸೂಚನೆಯ ಕೈಪಿಡಿಗಳು ಇಂಗ್ಲಿಷಿನಲ್ಲಿ ಬಂದಾಗ, ಮನೆಯಲ್ಲಿ ಮರಾಠಿ ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಮಗುವಿಗೆ ಅದು ಮೂರನೆಯ ಹೊಸ್ತಿಲು. ರೋಧಕ, ಧಾರಕ, ಅರೆವಾಹಕ ಎಂಬ ಪಠ್ಯಪದಗಳಿಗಿಂತ ಬೆಸುಗೆ, ಕಲಾಯಿ, ತಿದಿ, ಅಚ್ಚು ಎಂಬ ಕಸುಬಿನ ಮಾತುಗಳು ಆ ಮಗುವಿಗೆ ಹತ್ತಿರವಿದ್ದವು. ಅವನ್ನು ಬಳಸಿಕೊಂಡ ಕೈಪಿಡಿ ವಿರಳ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಅವಧಿಯಲ್ಲಿ ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ ಮೊದಲಾದ ಸ್ಥಳೀಯ ಕುಶಲಿಗಳ ಬಳಿ ಮಕ್ಕಳು ಕಲಿಯಬೇಕೆಂದು ಸೂಚಿಸಿದೆ. ಅಷ್ಟರಲ್ಲಿ ತಾಮ್ರದ ಪಾತ್ರೆಗಳ ಜಾಗಕ್ಕೆ ಸ್ಟೀಲು ಬಂದು, ಕಲಾಯಿಗಾರರು ಹಳ್ಳಿಯ ಬೀದಿಗಳಲ್ಲಿ ಅಪರೂಪವಾಗಿದ್ದರು.