ಕಾರಿನೊಳಗೆ ಗಾಳಿಯ ಸಿಳ್ಳೆ: ಬಾಗಿಲ ರಬ್ಬರಿಗೆ ವ್ಯಾಸಲೀನ್ ಹಚ್ಚುವ ಮೊದಲು ಇದನ್ನು ಓದಿ

“ಕಾರಿನಲ್ಲಿ ಗಾಳಿ ಸದ್ದು ಬರ್ತಿದೆಯಾ? ಬಾಗಿಲ ರಬ್ಬರಿಗೆ ವ್ಯಾಸಲೀನ್ ಹಚ್ಚಿ, ಒಂದೇ ದಿನದಲ್ಲಿ ಮಾಯ!” ಇಂಥ ಸಲಹೆಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಕೆಲವರು ಕೊಬ್ಬರಿ ಎಣ್ಣೆ ಅನ್ನುತ್ತಾರೆ, ಕೆಲವರು ಡೀಸೆಲ್ ಅನ್ನುತ್ತಾರೆ. ಇದರಲ್ಲಿ ಅರ್ಧ ನಿಜ, ಅರ್ಧ ತಪ್ಪು. ಗಾಳಿ ಸದ್ದಿಗೆ ಬಾಗಿಲ ರಬ್ಬರ್ ಕಾರಣ ಆಗಿರುವುದು ಹೌದು, ಆದರೆ ಯಾವಾಗಲೂ ಅಲ್ಲ. ವ್ಯಾಸಲೀನ್ ಅಂತೂ ಅದಕ್ಕೆ ಮದ್ದೇ ಅಲ್ಲ. ಇನ್ನು ಕೆಲವು ಸಲ ಈ ಸದ್ದು ಬರೀ ಕಿರಿಕಿರಿಯಲ್ಲ, ಅಪಾಯದ ಮುನ್ಸೂಚನೆ.

ಮೊದಲು ಒಂದು ಒಗಟು ಬಿಡಿಸೋಣ. ಇಂಡಿ ತಾಲ್ಲೂಕಿನ ತಾಂಬಾದಿಂದ ಆಷಾಢದಲ್ಲಿ ವಿಜಯಪುರಕ್ಕೆ ಕಾರು ಓಡಿಸಿದವರಿಗೆ ಇದು ಗೊತ್ತಿರುತ್ತದೆ: ಹೋಗುವಾಗ ಕಾರು ಕೂಗುತ್ತದೆ, ಬರುವಾಗ ಗಪ್‌ಚುಪ್. ವಿಜಯಪುರದ ಗ್ಯಾರೇಜಿನಲ್ಲಿ ಕಾರು ತೋರಿಸಿ ತಿರುಗಿ ಬಂದವರು “ರಿಪೇರಿ ಆಯ್ತು” ಎಂದು ಖುಷಿಪಡುತ್ತಾರೆ. ಮುಂದಿನ ವಾರ ಮತ್ತೆ ಅದೇ ಸಿಳ್ಳೆ.

ಕಾರಣ ದಿಕ್ಕಿನಲ್ಲಿದೆ. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ತಾಂಬಾದಿಂದ ವಿಜಯಪುರ ಇರುವುದೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ. ತಡೆಯಲು ಗಿಡಮರ ಇಲ್ಲದ ಎರಿ ಭೂಮಿ. ನಿಮ್ಮ ವೇಗ ಗಂಟೆಗೆ 80 ಕಿ.ಮೀ., ಎದುರು ಗಾಳಿ 30 ಕಿ.ಮೀ. ಎಂದುಕೊಳ್ಳಿ. ಮೀಟರಿನಲ್ಲಿ 80 ಇದ್ದರೂ ಕಾರಿಗೆ ಬಡಿಯುವ ಗಾಳಿಯ ವೇಗ 110. ತಿರುಗಿ ಬರುವಾಗ ಗಾಳಿ ಬೆನ್ನಿಗೆ, ಆಗ ಬರೀ 50. ಗಾಳಿಯಿಂದ ಹುಟ್ಟುವ ಸದ್ದಿನ ಶಕ್ತಿ ವೇಗದ ಸುಮಾರು ಆರನೇ ಘಾತದಲ್ಲಿ ಏರುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ಸದ್ದಿನ ಶಕ್ತಿ ಎರಡಲ್ಲ, 64 ಪಟ್ಟು! ಹಾಗೆ ಲೆಕ್ಕ ಹಾಕಿದರೆ ಹೋಗುವಾಗಿನ ಸದ್ದು ಬರುವಾಗಿನದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಶಕ್ತಿಯದು. ಕಿವಿ ಅದನ್ನು ನೂರು ಪಟ್ಟು ಎಂದು ಗ್ರಹಿಸುವುದಿಲ್ಲ ನಿಜ, ನಾಲ್ಕು ಪಟ್ಟು ಜೋರು ಅನ್ನಿಸಿದರೂ ಸಾಕಲ್ಲ.

ಆದ್ದರಿಂದ ಮೊದಲ ಪಾಠ: ಗಾಳಿ ಸದ್ದನ್ನು ಪರೀಕ್ಷೆ ಮಾಡುವಾಗ ಒಂದೇ ರಸ್ತೆ, ಒಂದೇ ದಿಕ್ಕು, ಒಂದೇ ವೇಗ. ಸಾಧ್ಯವಾದರೆ ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು.

ಇದು ನಿಜಕ್ಕೂ ಗಾಳಿ ಸದ್ದೇ?

ಡಾಂಬರು ರಸ್ತೆಯಿಂದ ಕಾಂಕ್ರೀಟಿಗೆ ಹೋದಾಗ ಸದ್ದು ಬದಲಾದರೆ ಅದು ಟೈರಿನದು. ಗೇರ್ ಬದಲಿಸಿದಾಗ ಬದಲಾದರೆ ಎಂಜಿನ್ನಿನದು. ತಿರುವಿನಲ್ಲಿ ‘ಗುಂಯ್’ ಎನ್ನುವ ಸದ್ದು ಏರಿಳಿದರೆ ಚಕ್ರದ ಬೇರಿಂಗ್ ನೋಡಿಸಿ. ಅದನ್ನು ಗಾಳಿ ಎಂದು ಕಡೆಗಣಿಸಬೇಡಿ. ಇವು ಯಾವುವೂ ಅಲ್ಲದೆ ವೇಗ ಮತ್ತು ಗಾಳಿಯ ದಿಕ್ಕಿಗೆ ಮಾತ್ರ ಜಗ್ಗುವ ಸದ್ದು ಗಾಳಿಯದು.

ಅದರಲ್ಲೂ ಮೂರು ಬಗೆ ಕೇಳಿಸುತ್ತವೆ. ಒಂದೇ ಸ್ವರದ ಸಿಳ್ಳೆ ಬಂದರೆ ಹೊರಗಿನ ಯಾವುದೋ ತೆಳ್ಳನೆಯ ವಸ್ತುವನ್ನು ಅನುಮಾನಿಸಿ: ಆಂಟೆನಾ, ಕ್ಯಾರಿಯರ್‌ನ ಸರಳು, ಎದ್ದ ರಬ್ಬರ್ ಪಟ್ಟಿ. ಗಾಳಿ ಅದನ್ನು ದಾಟುವಾಗ ಎಡಕ್ಕೊಂದು ಬಲಕ್ಕೊಂದು ಸುಳಿ ಬಿಡುತ್ತ ಹೋಗುತ್ತದೆ. 5 ಮಿ.ಮೀ. ದಪ್ಪದ ಆಂಟೆನಾ 90 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 1000 ಕಂಪನದ ಸ್ವರ ಹೊರಡಿಸುತ್ತದೆ. ಅನೇಕ ಆಂಟೆನಾಗಳ ಮೈಗೆ ಬಳ್ಳಿಯಂತೆ ಸುತ್ತು ಇರುವುದು ಅಂದಕ್ಕಲ್ಲ, ಈ ಸುಳಿಗಳ ತಾಳ ತಪ್ಪಿಸಲಿಕ್ಕೆ. ‘ಸುಯ್’ ಎನ್ನುವ ಉಸಿರಿನಂಥ ಸದ್ದು ಬಂದರೆ ಸಂದಿನಿಂದ ಗಾಳಿ ಸೋರುತ್ತಿದೆ. ಇನ್ನು ಹಿಂದಿನ ಒಂದೇ ಕಿಟಕಿ ತೆಗೆದಾಗ ಕಿವಿಗೆ ‘ಧಬ್ ಧಬ್’ ಎಂದು ಬಡಿಯುವುದು ದೋಷವೇ ಅಲ್ಲ. ಖಾಲಿ ಬಾಟಲಿಯ ಬಾಯಿಗೆ ಊದಿದಂತೆ ಇಡೀ ಕಾರು ಬಾಟಲಿಯಾಗಿದೆ, ಅಷ್ಟೇ. ಇನ್ನೊಂದು ಕಿಟಕಿ ನಾಲ್ಕು ಬೆರಳು ಇಳಿಸಿ, ನಿಲ್ಲುತ್ತದೆ.

ಸೋರಿಕೆ ಎಂದಾಗ ಹೊರಗಿನ ಗಾಳಿ ಒಳಗೆ ನುಗ್ಗುತ್ತಿದೆ ಎಂದುಕೊಳ್ಳುತ್ತೇವೆ. ಮುಂದಿನ ಬಾಗಿಲುಗಳಲ್ಲಿ ಸಾಮಾನ್ಯವಾಗಿ ಆಗುವುದು ಉಲ್ಟಾ. ಮುಂಗಾಜಿನ ಪಕ್ಕದ ಕಂಬವನ್ನು ಸುತ್ತಿ ಬರುವ ಗಾಳಿ ವೇಗ ಪಡೆದು, ಕಿಟಕಿಯ ಹೊರಗೆ ಒತ್ತಡ ಕಡಿಮೆಯಾಗುತ್ತದೆ. ಬಾಗಿಲ ಮೇಲಂಚನ್ನು ಅದು ಹೊರಕ್ಕೆ ಎಳೆಯುತ್ತದೆ. ಕೂದಲೆಳೆಯಷ್ಟು ಸಂದು ಸಿಕ್ಕರೂ ಒಳಗಿನ ಗಾಳಿ ಸುಯ್ಯೆಂದು ಹೊರಡುತ್ತದೆ. ನಿಂತ ಕಾರಿನಲ್ಲಿ ಸರಿಯಾಗಿರುವ ಬಾಗಿಲು 90ರ ವೇಗದಲ್ಲಿ ಸೋರುವುದು ಹೀಗೆ.

ಹುಡುಕುವುದು ಹೇಗೆ?

ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಒಂದು ಬದಿ ಪಿಸುಗುಟ್ಟಿದ್ದು ಎದುರು ಬದಿಯಲ್ಲಿ ಕಿವಿಯ ಬಳಿಯೇ ಹೇಳಿದಂತೆ ಕೇಳುತ್ತದೆ. ಕಾರಿನ ಗಾಜುಗಳೂ ಸಣ್ಣ ಮಟ್ಟದಲ್ಲಿ ಅದೇ ಆಟ ಆಡುತ್ತವೆ. ಕನ್ನಡಿಯ ಬುಡದಲ್ಲಿ ಹುಟ್ಟಿದ ಸದ್ದು ತಲೆಯ ಹಿಂದಿನಿಂದ ಬಂದಂತೆ ಅನ್ನಿಸಬಹುದು. ಹಾಗಾಗಿ ಕಿವಿಯನ್ನು ಪೂರ್ತಿ ನಂಬಬೇಡಿ.

ಮೊದಲು ಕಾರು ನಿಲ್ಲಿಸಿ ಕಣ್ಣಿನಿಂದ ನೋಡಿ. ನಮ್ಮ ಕಡೆಯ ಧೂಳು ಇಲ್ಲಿ ಉಪಕಾರಿ. ಬಾಗಿಲ ರಬ್ಬರ್ ಒತ್ತಿ ಕೂತ ಕಡೆ ಚೊಕ್ಕ ಗೆರೆ ಇರುತ್ತದೆ, ಒತ್ತದ ಕಡೆ ಧೂಳಿನ ಬಾಲ ಒಳಗಿನವರೆಗೆ ಹರಿದಿರುತ್ತದೆ. ಬಳಿಕ ಬಸ್ ಟಿಕೆಟ್ಟಿನಂಥ ಕಾಗದದ ಚೂರು ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿದರೆ ಅಲ್ಲಿ ರಬ್ಬರ್ ಸತ್ತಿದೆ. ರಬ್ಬರಿಗೆ ಸ್ವಲ್ಪ ವಿಭೂತಿ ಸವರಿ ಬಾಗಿಲು ಹಾಕಿ ತೆಗೆದರೂ ನಡೆಯುತ್ತದೆ. ಎದುರಿನ ಲೋಹದ ಮೇಲೆ ಗೆರೆ ತುಂಡಾದ ಜಾಗವೇ ಸಂದು.

ಆದರೆ ತೀರ್ಪು ಕೊಡುವುದು ಟೇಪ್ ಪರೀಕ್ಷೆ. ಪೇಂಟರುಗಳು ಬಳಸುವ ಕಾಗದದ ಮಾಸ್ಕಿಂಗ್ ಟೇಪ್ ತಂದು, ಸದ್ದು ಬರುವ ಬದಿಯ ಸಂದುಗಳನ್ನೆಲ್ಲ ಹೊರಗಿನಿಂದ ಮುಚ್ಚಿ: ಕನ್ನಡಿಯ ಬುಡ, ಮುಂಗಾಜಿನ ಅಂಚು, ಬಾಗಿಲ ಮೇಲಂಚು. ಚಾಲಕನ ಬಾಗಿಲಿಗೆ ಒಂದೇ ಪದರ ಸಾಕು, ತಳ್ಳಿದರೆ ಹರಿಯಬೇಕು. ಓಡಿಸಿ ನೋಡಿ. ಸದ್ದು ನಿಂತಿತೇ? ಇನ್ನು ಒಂದೊಂದೇ ಪಟ್ಟಿ ಕೀಳುತ್ತ ಮತ್ತೆ ಓಡಿಸಿ. ಯಾವುದನ್ನು ಕಿತ್ತಾಗ ಸದ್ದು ಮರಳಿತೋ ಅದೇ ಕಳ್ಳ. ಓಡಿಸುವವರು ರಸ್ತೆ ನೋಡಲಿ, ಕೇಳುವ ಕೆಲಸ ಪಕ್ಕದವರದು. ಬೇಸಿಗೆಯ ಬಿಸಿಲಿನಲ್ಲಿ ಟೇಪ್ ಹಾಗೇ ಬಿಡಬೇಡಿ, ಅಂಟು ಬಣ್ಣಕ್ಕೆ ಹಿಡಿದುಕೊಳ್ಳುತ್ತದೆ.

ನಮ್ಮ ಅಂದಾಜು ಕೇಳಿದರೆ, ರಬ್ಬರಿಗಿಂತ ಮೊದಲು ಮಳೆಗೆಂದು ಕಿಟಕಿ ಮೇಲೆ ಅಂಟಿಸಿದ ವೈಸರ್, ಲಗೇಜ್ ಕ್ಯಾರಿಯರ್, ಕ್ಲಿಪ್ ಮುರಿದ ಕನ್ನಡಿ ಕವಚ ನೋಡಿ. ಆಯುಧ ಪೂಜೆಗೆ ಕಟ್ಟಿದ ತಂತಿ ಹಬ್ಬ ಮುಗಿದ ಮೇಲೂ ಬಂಪರಿನಲ್ಲಿ ಉಳಿದಿರುತ್ತದೆ!

ಇನ್ನು ರಬ್ಬರಿನ ಮಾತು. ಬಾಗಿಲ ರಬ್ಬರ್ ಸಾಮಾನ್ಯವಾಗಿ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರ್. ಬಿಸಿಲು, ಮಳೆ ತಡೆಯುತ್ತದೆ, ಆದರೆ ಪೆಟ್ರೋಲಿಯಂ ಎಣ್ಣೆಗಳಿಗೆ ಉಬ್ಬಿ ಮೆತ್ತಗಾಗುತ್ತದೆ. ವ್ಯಾಸಲೀನ್, ಗ್ರೀಸ್, ಡೀಸೆಲ್ ಮೂರೂ ಅದೇ ಕುಲದವು. ಉಬ್ಬಿದ ರಬ್ಬರ್ ನಾಲ್ಕು ದಿನ ಸಂದು ಮುಚ್ಚಿದಂತೆ ತೋರುವುದರಿಂದಲೇ ಫಾರ್ವರ್ಡ್ ನಿಜ ಅನ್ನಿಸುತ್ತದೆ. ಕೊಬ್ಬರಿ ಎಣ್ಣೆ ಜಿಗುಟಾಗಿ ಎರಿ ಮಣ್ಣಿನ ಧೂಳು ಹಿಡಿಯುತ್ತದೆ. ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ. ಹರಿದಿದ್ದರೆ ಬದಲಿಸಿ. ರಬ್ಬರ್ ಚೆನ್ನಾಗಿದ್ದೂ ಬಾಗಿಲು ಸಡಿಲ ಕೂರುತ್ತಿದ್ದರೆ, ಚೌಕಟ್ಟಿನಲ್ಲಿರುವ ಬೀಗದ ಕೊಂಡಿಯನ್ನು ಮೆಕ್ಯಾನಿಕ್ ಮಿಲಿಮೀಟರ್ ಲೆಕ್ಕದಲ್ಲಿ ಒಳಕ್ಕೆ ಸರಿಸಬಹುದು. ಮೊದಲಿದ್ದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಸಿಕೊಳ್ಳಿ.

ಸಿಕ್ಕ ತೂತನ್ನೆಲ್ಲ ಫೋಮ್ ಪಟ್ಟಿಯಿಂದ ಮುಚ್ಚುವವರೂ ಇದ್ದಾರೆ. ಬಾಗಿಲ ಕೆಳಗಿನ ತೂತುಗಳು ಮಳೆ ನೀರು ಹೋಗಲಿಕ್ಕೆ, ಮುಚ್ಚಿದರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಅನೇಕ ಕಾರುಗಳಲ್ಲಿ ಹಿಂಬಂಪರಿನ ಒಳಗಿರುವ ಕಿಂಡಿಗಳು ಒಳಗಿನ ಗಾಳಿ ಹೊರಹೋಗಲಿಕ್ಕೆ.

ಮೂರು ಕಡೆ ಸದ್ದು ಬಂದರೆ ಮಾತ್ರ ಮುಂದೂಡಬೇಡಿ. ಬಾನೆಟ್ ಕಡೆಯಿಂದ ಪಟಪಟ ಎಂದರೆ ಅದು ಎರಡನೇ ಕೊಕ್ಕೆಯಲ್ಲಿ ಮಾತ್ರ ನಿಂತಿರಬಹುದು. ಎದುರು ಗಾಳಿಗೆ ಎದ್ದರೆ ಮುಂಗಾಜಿಗೇ ಬಡಿಯುತ್ತದೆ, ಆಗಲೇ ಬದಿಗೆ ನಿಲ್ಲಿಸಿ. ಡಿಕ್ಕಿಯ ರಬ್ಬರ್ ಸೋರಿದರೆ ಕಾರಿನ ಬೆನ್ನಿಗೆ ಸುತ್ತುವ ಹೊಗೆ ಒಳಗೆ ಸೇರಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಓಡಿಸುವಾಗ ತಲೆನೋವು, ಮಂಪರು ಬಂದರೆ ಕಾರು ನಿಲ್ಲಿಸಿ ಹೊರಗೆ ಬನ್ನಿ. ಮೂರನೆಯದು, ಹೊಸ ಮುಂಗಾಜು ಹಾಕಿಸಿದ ಮೇಲೆ ಶುರುವಾದ ಸಿಳ್ಳೆ. ಗಾಜನ್ನು ಹಿಡಿದಿರುವ ಅಂಟು ಎಲ್ಲೋ ಬಿಟ್ಟಿದೆ ಎಂದರ್ಥ ಇರಬಹುದು. ಕಾರು ಪಲ್ಟಿಯಾದಾಗ ಚಾವಣಿಗೆ ಆ ಗಾಜು ಆಸರೆ, ಅನೇಕ ಕಾರುಗಳಲ್ಲಿ ಎಡಗಡೆಯ ಏರ್‌ಬ್ಯಾಗ್ ಅರಳುವುದು ಅದಕ್ಕೆ ಒರಗಿಯೇ. ಮೇಲಿಂದ ಸಿಲಿಕೋನ್ ಮೆತ್ತಿ ಕಳಿಸಿದರೆ ಒಪ್ಪಬೇಡಿ, ಗಾಜು ತೆಗೆದು ಮತ್ತೆ ಕೂರಿಸಲು ಹೇಳಿ.

ಗ್ಯಾರೇಜಿಗೆ ಹೋದಾಗ “ಸೌಂಡ್ ಬರ್ತದ” ಎಂದಷ್ಟೇ ಹೇಳಬೇಡಿ. ಎಷ್ಟು ವೇಗಕ್ಕೆ, ಯಾವ ಬದಿಗೆ, ಯಾವ ಟೇಪ್ ಕಿತ್ತಾಗ ಎಂದು ಹೇಳಿ. ಕಾರು ವಾಪಸ್ ಪಡೆಯುವ ಮುಂಚೆ ಮೆಕ್ಯಾನಿಕನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ, ಗಾಳಿಗೆ ಎದುರಾಗಿ.