ಜಿಲ್ಲೆಯ ಗೆರೆ, ಕಾಲೇಜಿನ ಸೀಟು

1950ರಲ್ಲಿ ಮಾಗಳದ ಹುಡುಗನೊಬ್ಬ ಡಾಕ್ಟರ್ ಆಗಬೇಕೆಂದರೆ ಅವನ ಅರ್ಜಿ ಹೋಗಬೇಕಾದದ್ದು ಮದ್ರಾಸಿಗೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಆಗ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ತುಂಗಭದ್ರೆ ದಾಟಿದರೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆ. ಹೊಳೆಗುಂಟ ಕೊಪ್ಪಳದ ಕಡೆ ಇಳಿದರೆ ಹೈದರಾಬಾದ್ ರಾಜ್ಯ. ದಾವಣಗೆರೆಗೆ ಹೋದರೆ ಮೈಸೂರು. ಸುತ್ತಲೂ ಕನ್ನಡವೇ ಇದ್ದರೂ ಹುಡುಗನ ಕಾಗದ ಮಾತ್ರ ಗುಂತಕಲ್ಲಿನ ಮೇಲೆ ಹಾದು ಸಮುದ್ರದ ದಂಡೆ ಮುಟ್ಟಬೇಕಿತ್ತು.

ಹಡಗಲಿ ಸೀಮೆಯ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಮಕ್ಕಳಿಗೆ ಸೀಟು ಸಿಗುವುದು ಅಂಕದಿಂದ ಎಂದು ವರ್ಷ ವರ್ಷವೂ ಹೇಳಿದ್ದೇನೆ, ಅದು ಸುಳ್ಳೂ ಅಲ್ಲ. ಆದರೆ ನಮ್ಮ ಪಶ್ಚಿಮ ತಾಲ್ಲೂಕುಗಳ ಚರಿತ್ರೆ ಓದಿದರೆ, ಅಂಕದಷ್ಟೇ ಗಟ್ಟಿಯಾಗಿ ಇನ್ನೊಂದು ಸಂಗತಿ ಕೆಲಸ ಮಾಡಿರುವುದು ಕಾಣುತ್ತದೆ: ಜಿಲ್ಲೆಯ ಗೆರೆಯನ್ನು ಯಾರು ಎಲ್ಲಿ ಎಳೆದರು ಎಂಬುದು.

ಮದ್ರಾಸಿನ ಲೆಕ್ಕ ಹೀಗಿತ್ತು. ಇಡೀ ರಾಜ್ಯಕ್ಕೆ ನಾಲ್ಕು ಸರ್ಕಾರಿ ಮೆಡಿಕಲ್ ಕಾಲೇಜು, ಒಟ್ಟು 330 ಸೀಟು. ಹೊರ ರಾಜ್ಯದವರಿಗೆ 17, ಸರ್ಕಾರದ ವಿವೇಚನೆಗೆ 12 ತೆಗೆದಿಟ್ಟು, ಉಳಿದದ್ದನ್ನು ಜಿಲ್ಲೆಗಳ ನಾಲ್ಕು ಗುಂಪುಗಳಿಗೆ ಹಂಚುತ್ತಿದ್ದರು. ಪ್ರತಿ ಗುಂಪಿನೊಳಗೆ ಮತ್ತೆ ಪ್ರತಿ 14 ಸೀಟಿಗೆ ಹೀಗೆ ಪಾಲು: ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತರಿಗೆ 1, ಮುಸ್ಲಿಮರಿಗೆ 1. ಇದನ್ನೇ ಕಮ್ಯುನಲ್ ಜಿ.ಓ., ಅಂದರೆ ಜಾತಿವಾರು ಸರ್ಕಾರಿ ಆದೇಶ, ಎನ್ನುತ್ತಿದ್ದರು. ಚಂಪಕಂ ದೊರೈರಾಜನ್ ಎಂಬ ಮಹಿಳೆ ಇದನ್ನು ಪ್ರಶ್ನಿಸಿದರು. 1951ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನು ರದ್ದು ಮಾಡಿತು. ಆಕೆ ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ ಎಂಬುದೂ ಆ ತೀರ್ಪಿನಲ್ಲೇ ಇದೆ! ಎರಡು ತಿಂಗಳಲ್ಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂದು, 15ನೇ ವಿಧಿಗೆ ಮೀಸಲಾತಿಗೆ ಅವಕಾಶ ಕೊಡುವ ನಾಲ್ಕನೇ ಉಪವಿಧಿ ಸೇರಿತು. ಮೀಸಲಾತಿಯ ಚರ್ಚೆಯಲ್ಲಿ ಎಲ್ಲರೂ ಜಾತಿಯ ಆ ಹದಿನಾಲ್ಕನ್ನು ನೆನೆಯುತ್ತಾರೆ. ಜಿಲ್ಲೆಗಳ ನಾಲ್ಕು ಗುಂಪನ್ನು ನೆನೆಯುವವರು ಕಡಿಮೆ. ನನಗೆ ಮುಖ್ಯವಾಗಿ ಕಾಣುವುದು ಅದೇ.

1953ರ ಅಕ್ಟೋಬರ್ 1ರಂದು ಆಂಧ್ರ ಹುಟ್ಟಿತು. ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು, ನಾವು ಮೈಸೂರಿಗೆ ಬಂದೆವು. 1961ರಲ್ಲಿ ಬಳ್ಳಾರಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಆಯಿತು. ಮದ್ರಾಸಿನ ದಾರಿ ಬಳ್ಳಾರಿಯ ಬಸ್ಸಿಗೆ ಇಳಿಯಿತು. ಆದರೆ ಮೈಸೂರು ಸರ್ಕಾರ ತನ್ನದೇ ಜರಡಿ ತಂದಿತ್ತು. 1962ರ ಆದೇಶ 68 ಶೇಕಡಾ ಸೀಟು ಮೀಸಲಿಟ್ಟಿತು, ಬಾಲಾಜಿ ಪ್ರಕರಣದಲ್ಲಿ ಅದು ಬಿದ್ದುಹೋಯಿತು. ಮರುವರ್ಷ ಸಂದರ್ಶನ ಬಂತು: ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಕಾಲು ಭಾಗದಷ್ಟು ಅಂಕ ಆಯ್ಕೆ ಸಮಿತಿಯ ಕೈಗೆ. ನೋಡಬೇಕಾದದ್ದು ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ಚರ್ಚೆ, ನಾಟಕ. ಚಿತ್ರಲೇಖಾ ಪ್ರಕರಣದಲ್ಲಿ, 1964ರಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ನಾಟಕವೇನೋ ನಮ್ಮ ಊರುಗಳಲ್ಲಿ ಬೇಕಾದಷ್ಟಿತ್ತು, ಅದಕ್ಕೆ ಸರ್ಟಿಫಿಕೇಟು ಕೊಡುವವರಿರಲಿಲ್ಲ. ಇಂಗ್ಲಿಷಿನಲ್ಲಿ ಬಾಯಿ ಬಿಡಲು ಅಂಜುವ ಮಗುವನ್ನು ಕೆಲವೇ ನಿಮಿಷ ಎದುರಿಗೆ ಕೂರಿಸಿ ವ್ಯಕ್ತಿತ್ವ ಅಳೆಯುವುದು ಅನ್ಯಾಯ ಎಂದು ನಾನು ಇಂದಿಗೂ ನಂಬುತ್ತೇನೆ.

ಆದರೆ ಜಿಲ್ಲಾವಾರು ಹಂಚಿಕೆ ಹೆಚ್ಚು ಕಾಲ ಬದುಕಲಿಲ್ಲ. 1968ರಲ್ಲಿ ಮದ್ರಾಸಿನದೇ ಪಿ. ರಾಜೇಂದ್ರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಒಂದು ಜಿಲ್ಲೆಯ ಹೆಚ್ಚು ಅಂಕದವನನ್ನು ಬಿಟ್ಟು ಇನ್ನೊಂದರ ಕಡಿಮೆ ಅಂಕದವನನ್ನು ತೆಗೆದುಕೊಳ್ಳುವುದು ಸಮಾನತೆಗೆ ಒಪ್ಪದು ಎಂಬುದು ಅದರ ತಿರುಳು.

ಆಮೇಲಿನದು ಕ್ಯಾಪಿಟೇಶನ್, ಅಂದರೆ ಹಣ ಕೊಟ್ಟು ಸೀಟು ಪಡೆಯುವ ಕಾಲ. 1984ರಲ್ಲಿ ಅದರ ವಿರುದ್ಧ ಕಾಯ್ದೆ ಬಂತು, 1993ರಲ್ಲಿ ಉನ್ನಿಕೃಷ್ಣನ್ ತೀರ್ಪು, 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಸಿಇಟಿ. ನನ್ನ ಪಾಲಿಗೆ ನಮ್ಮ ಕಡೆಯ ಮಕ್ಕಳಿಗೆ ನಿಜವಾಗಿ ಬಾಗಿಲು ತೆರೆದದ್ದು ಈ ಸಿಇಟಿ. ಎದುರಿಗೆ ಕೂತು ಮುಖ ನೋಡುವ ಸಮಿತಿ ಇಲ್ಲ, ರ‍್ಯಾಂಕ್ ಬಂದರೆ ಬಂತು. ಗ್ರಾಮೀಣ ಕೋಟಾ ಶೇಕಡಾ 15, ಕನ್ನಡ ಮಾಧ್ಯಮಕ್ಕೆ ಶೇಕಡಾ 5. ಒಂದರಿಂದ ಹತ್ತರವರೆಗೆ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದೆ ಎಂಬ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು. ಮೇ ತಿಂಗಳ ಬಿಸಿಲಲ್ಲಿ ಅಪ್ಪಂದಿರು ಆ ರುಜುವಿಗಾಗಿ ಕಚೇರಿ ಜಗುಲಿಯಲ್ಲಿ ಕಾಯುತ್ತಿದ್ದರು. ಆಮೇಲೆ ಸೀಟು ಆರಿಸುವ ಕೌನ್ಸೆಲಿಂಗಿಗೆ ರಾತ್ರಿ ಬಸ್ಸು, ಬೆಂಗಳೂರು, ಮಲ್ಲೇಶ್ವರಂ 18ನೇ ಕ್ರಾಸು. ಅಂಗಿಯ ಒಳಜೇಬಿನಲ್ಲಿ ಶುಲ್ಕದ ಡಿಡಿ. ಪರದೆಯ ಮೇಲೆ ಉಳಿದ ಸೀಟಿನ ಅಂಕಿ ಕಣ್ಣೆದುರೇ ಇಳಿಯುತ್ತಿತ್ತು. ಯಾವ ಕಾಲೇಜು ಒಳ್ಳೆಯದು ಎಂದು ಮೊದಲೇ ತಿಳಿದು ಬಂದವರು ಥಟ್ಟನೆ ಆರಿಸುತ್ತಿದ್ದರು. ನಮ್ಮವರು ಪಕ್ಕದವರನ್ನು ಕೇಳುತ್ತಿದ್ದರು.

ಮೊದಲೇ ತಿಳಿದಿರುವುದರ ಬಲ ದೊಡ್ಡದು, ಅದು ಬರೀ ನಮ್ಮ ಸಂಗತಿಯಲ್ಲ. ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಎಲ್ಲರಿಗಿಂತ ಮುಂಚೆ ಅರ್ಜಿ ಹಾಕಿ ಮುಂಚೆಯೇ ಫಲಿತಾಂಶ ಪಡೆಯುವ ಪದ್ಧತಿ ಇದೆ. ಇದು ಅನುಕೂಲಸ್ಥರ ಮಕ್ಕಳಿಗೇ ಒದಗುತ್ತದೆ ಎಂದು ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ 2006ರಲ್ಲಿ ಅದನ್ನು ಕೈಬಿಡುವುದಾಗಿ ಹೇಳಿದವು. 2011ರಲ್ಲಿ ಎರಡೂ ಅದನ್ನು ಮತ್ತೆ ತಂದವು. ಮುಂಚೆ ಅರ್ಜಿ ಹಾಕಲು ಮುಂಚೆಯೇ ದಾರಿ ಹೇಳುವ ಒಬ್ಬರು ಬೇಕು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುವ ಮಗುವಿಗೆ ಹೇಳುವವರು ಯಾರು?

ಗೆರೆಯ ಕತೆ ಮುಗಿದಿರಲಿಲ್ಲ. 1997ರಲ್ಲಿ ಹರಪನಹಳ್ಳಿ ತಾಲ್ಲೂಕು ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಆಗ ಅದು ಆಡಳಿತದ ಅನುಕೂಲವಾಗಿಯೇ ಕಂಡಿತು, ದಾವಣಗೆರೆ ಹತ್ತಿರವೂ ಹೌದು. 2012ರ ಕೊನೆಗೆ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿ ಒಪ್ಪಿ, ಆಗ ಹೈದರಾಬಾದ್ ಕರ್ನಾಟಕ ಎನ್ನುತ್ತಿದ್ದ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬಂದಾಗ ಆ ಗೆರೆಯ ಬೆಲೆ ಗೊತ್ತಾಯಿತು. ಹೈದರಾಬಾದ್ ಕರ್ನಾಟಕದ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದೆಡೆ ಶೇಕಡಾ 8 ಸೀಟು ಈ ಭಾಗದವರಿಗೆ. ಹಿಂದಿನ ಹೈದರಾಬಾದ್ ರಾಜ್ಯಕ್ಕೆ ಸೇರಿರದ ಬಳ್ಳಾರಿ ಜಿಲ್ಲೆಯೂ ಪಟ್ಟಿಯಲ್ಲಿತ್ತು. ಹಾಗಾಗಿ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಒಳಗೆ. ಅದೇ ಮಳೆ, ಅದೇ ಬರ, ಅದೇ ಮೆಕ್ಕೆಜೋಳದ ಹರಪನಹಳ್ಳಿ ಹೊರಗೆ. 1968ರಲ್ಲಿ ಕೋರ್ಟು ಬೇಡವೆಂದಿದ್ದ ಪ್ರದೇಶದ ಲೆಕ್ಕ ಈಗ ಸಂವಿಧಾನದೊಳಗೇ ಬಂದು ಕೂತಿತ್ತು, ಅದು ಬರಬೇಕಾದದ್ದೇ ಎಂಬುದು ನನ್ನ ಮಾತು. ಹರಪನಹಳ್ಳಿಯ ಜನ ಬೀದಿಗಿಳಿದರು, ಆಗಿನ ಶಾಸಕ ಎಂ.ಪಿ. ರವೀಂದ್ರ ಈ ಬೇಡಿಕೆಯ ಬೆನ್ನು ಹತ್ತಿದರು. 2018ರಲ್ಲಿ ತಾಲ್ಲೂಕನ್ನು ಮರಳಿ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯಿತು. 2021ರಲ್ಲಿ ಕೊಟ್ಟೂರೂ ಸೇರಿ ನಾವೆಲ್ಲ ವಿಜಯನಗರ ಜಿಲ್ಲೆಯವರಾದೆವು.

ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಕಟ್‌ಆಫ್ ಪಟ್ಟಿಯಲ್ಲಿ ಜಿಎಂ, ಜಿಎಂಕೆ, ಜಿಎಂಆರ್ (ಸಾಮಾನ್ಯ, ಕನ್ನಡ ಮಾಧ್ಯಮ, ಗ್ರಾಮೀಣ) ಎಂದು ಸಾಲುಸಾಲು ಸಿಗುತ್ತವೆ, ತಾಲ್ಲೂಕಿನ ಹೆಸರು ಅಲ್ಲಿಲ್ಲ. ತಾಲ್ಲೂಕುವಾರು ಲೆಕ್ಕ ಇಡುವ ಕೆಲಸವನ್ನು ನಮ್ಮ ಪಿಯು ಕಾಲೇಜುಗಳೇ ಮಾಡಬೇಕು. ಯಾವ ವರ್ಷ, ಯಾವ ಹಳ್ಳಿಯ ಮಗು, ಯಾವ ಕೋಟಾದಲ್ಲಿ ಎಲ್ಲಿ ಸೇರಿತು, ಸೀಟು ಸಿಕ್ಕಿಯೂ ಶುಲ್ಕ ಕಟ್ಟಲಾಗದೆ ಬಿಟ್ಟವರೆಷ್ಟು ಎಂದು ಒಂದು ದಾಖಲೆ ಪುಸ್ತಕ ಇಡಲಿ. 2013ರಿಂದ 2018ರವರೆಗಿನ ಹರಪನಹಳ್ಳಿಯ ಬ್ಯಾಚುಗಳಿಂದ ಶುರು ಮಾಡಬಹುದು. ಆ ಮಕ್ಕಳು ಈಗಲೂ ಊರಿಗೆ ಹಬ್ಬಕ್ಕೆ ಬರುತ್ತಾರೆ, ಕೇಳಿದರೆ ಹೇಳುತ್ತಾರೆ.