ಸಿರಕ್ಯೂಸ್ ನ್ಯಾಷನಲ್ಸ್

ಸಿರಕ್ಯೂಸ್ ನ್ಯಾಷನಲ್ಸ್: ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದಲ್ಲಿ 1946ರಿಂದ 1963ರವರೆಗೆ ಇದ್ದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡ. ಊರಿನವರ ಬಾಯಲ್ಲಿ ಇದು ‘ನ್ಯಾಟ್ಸ್’. 1955ರ ಎನ್‌ಬಿಎ ಚಾಂಪಿಯನ್. ಈಗಿನ ಫಿಲಡೆಲ್ಫಿಯ ಸೆವೆಂಟಿಸಿಕ್ಸರ್ಸ್ ತಂಡ ಇದರದೇ ಮುಂದುವರಿಕೆ. ಗೆದ್ದದ್ದು ಒಂದೇ ಪ್ರಶಸ್ತಿಯಾದರೂ, ಇಂದು ಜಗತ್ತಿನಾದ್ಯಂತ ಬ್ಯಾಸ್ಕೆಟ್‌ಬಾಲ್ ಅಂಕಣಗಳ ಮೇಲೆ ಮಿನುಗುವ 24 ಸೆಕೆಂಡಿನ ಗಡಿಯಾರ ಹುಟ್ಟಿದ್ದು ಈ ತಂಡದಿಂದ. ಆ ಕಾರಣಕ್ಕೇ ಆಟದ ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ತಂಡಗಳಿಗೂ ಸಿಗದ ಸ್ಥಾನವಿದೆ.

ತಂಡವನ್ನು ಕಟ್ಟಿದವನು ಡ್ಯಾನಿ ಬಿಯಾಸೋನೆ. ಇಟಲಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವನು. ಸಿರಕ್ಯೂಸಿನಲ್ಲಿ ಬೌಲಿಂಗ್ ಆಲಿ, ಅಂದರೆ ಮರದ ಹಾಸಿನ ಮೇಲೆ ಭಾರದ ಚೆಂಡು ಉರುಳಿಸಿ ಗೂಟ ಬೀಳಿಸುವ ಆಟದ ಮನೆ ನಡೆಸುತ್ತಿದ್ದ. 1946ರಲ್ಲಿ 5,000 ಡಾಲರ್ ಕಟ್ಟಿ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ತಂಡದ ಹಕ್ಕು ಪಡೆದ. ಆ ಲೀಗಿನ ತಂಡಗಳಲ್ಲಿ ಹೆಚ್ಚಿನವು ಮಧ್ಯಪಶ್ಚಿಮದ ಕಾರ್ಖಾನೆ ಪಟ್ಟಣಗಳವು. ಪ್ರತಿಸ್ಪರ್ಧಿ ಲೀಗಾದ ಬಿಎಎ ನ್ಯೂಯಾರ್ಕ್, ಬಾಸ್ಟನ್ ಮುಂತಾದ ಮಹಾನಗರಗಳ ಕ್ರೀಡಾಂಗಣ ಮಾಲೀಕರದು. 1949ರಲ್ಲಿ ಎರಡೂ ಒಂದಾಗಿ ಎನ್‌ಬಿಎ ಆಯಿತು. ಹಾಗೆ, ಸುಮಾರು 2 ಲಕ್ಷ 20 ಸಾವಿರ ಜನರ, ಚಳಿಗಾಲವಿಡೀ ಹಿಮ ಹೊದ್ದು ಮಲಗುವ ಊರೊಂದು ಮಹಾನಗರಗಳ ಜತೆ ಸೆಣಸಲು ನಿಂತಿತು.

ಸೆಣಸಲು ಬೇಕಾದ ಆಟಗಾರ ಅಷ್ಟರಲ್ಲಿ ಬಂದಿದ್ದ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಆಡುತ್ತಿದ್ದ ಡಾಲ್ಫ್ ಶೇಯ್ಸ್‌ಗೆ ತವರಿನ ನಿಕ್ಸ್ ತಂಡ ಕೊಡಲು ಒಪ್ಪಿದ್ದು 5,000 ಡಾಲರ್. ಸಿರಕ್ಯೂಸ್ 7,500 ಕೊಟ್ಟಿತು. 1948ರಲ್ಲಿ ಸೇರಿದ ಆತ ತಂಡ ಊರು ಬಿಡುವವರೆಗೂ ಬೇರೆಡೆ ಹೋಗಲಿಲ್ಲ. 6 ಅಡಿ 8 ಅಂಗುಲದ ಆಳು, ಆದರೂ ಬುಟ್ಟಿಯ ಕೆಳಗೆ ನಿಂತುಬಿಡುವವನಲ್ಲ. ದೂರದಿಂದ ಎರಡೂ ಕೈಯಲ್ಲಿ ಚೆಂಡನ್ನು ಎತ್ತರಕ್ಕೆ ಚಿಮ್ಮಿಸಿ ಎಸೆಯುತ್ತಿದ್ದ. ಅಭ್ಯಾಸದ ವೇಳೆ 18 ಅಂಗುಲದ ಬಳೆಯೊಳಗೆ 14 ಅಂಗುಲದ ಇನ್ನೊಂದು ಬಳೆ ಕೂರಿಸಿ, ಆ ಕಿರಿದಾದ ಕಂಡಿಯಲ್ಲಿ ಚೆಂಡು ತೂರಿಸುವುದು ಅವನ ಕ್ರಮ. ಬಲ ಮಣಿಕಟ್ಟು ಮುರಿದಾಗ ಪ್ಲಾಸ್ಟರ್ ಹಾಕಿಕೊಂಡೇ ಆಡಿ ಎಡಗೈ ಎಸೆತ ಕಲಿತ. 1952ರಿಂದ 1961ರವರೆಗೆ ಸತತ 706 ಪಂದ್ಯಗಳಲ್ಲಿ ಆಡಿದ. ಒಂದೇ ಹೆಸರಿನಲ್ಲಿ ನ್ಯಾಟ್ಸ್ ಚರಿತ್ರೆ ಹೇಳಬೇಕೆಂದರೆ ಅದು ಶೇಯ್ಸ್‌ನದು.

ಆಟಗಾರನೂ ತರಬೇತುದಾರನೂ ಆಗಿದ್ದ ಆಲ್ ಸರ್ವಿಯ ಕೈಯಲ್ಲಿ ತಂಡ ಮೊದಲ ಎನ್‌ಬಿಎ ಋತುವಿನಲ್ಲೇ 51 ಪಂದ್ಯ ಗೆದ್ದು 13ರಲ್ಲಷ್ಟೇ ಸೋತಿತು. ಫೈನಲ್ ಸರಣಿಯ ಮೊದಲ ಪಂದ್ಯ ಸಿರಕ್ಯೂಸಿನಲ್ಲೇ. ಕೊನೆಯ ಕ್ಷಣದಲ್ಲಿ ಮಿನಿಯಾಪೊಲಿಸ್ ಲೇಕರ್ಸ್‌ನ ಬಾಬ್ ಹ್ಯಾರಿಸನ್ ಸುಮಾರು 40 ಅಡಿಯಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು, 68-66. ಸರಣಿಯೂ ಕೈತಪ್ಪಿತು. 1954ರ ಫೈನಲ್‌ನಲ್ಲೂ ಅದೇ ಲೇಕರ್ಸ್, ಅದೇ ಫಲ. ಆ ಸಲ ಗಾಯಾಳುಗಳೇ ತುಂಬಿದ್ದ ತಂಡ ಏಳನೆಯ ಪಂದ್ಯದವರೆಗೆ ಎಳೆದದ್ದೇ ಹೆಚ್ಚು.

ಆದರೆ ಆ ದಿನಗಳಲ್ಲಿ ಆಟವೇ ಕಾಯಿಲೆ ಬಿದ್ದಿತ್ತು. ಮುನ್ನಡೆ ಸಿಕ್ಕ ತಂಡ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಹೊತ್ತು ಕಳೆಯುತ್ತಿತ್ತು. ಚೆಂಡು ಕಿತ್ತುಕೊಳ್ಳಲು ಎದುರಾಳಿಗೆ ಫೌಲ್ ಮಾಡುವುದೊಂದೇ ದಾರಿ. 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಲೇಕರ್ಸ್ ವಿರುದ್ಧ ಗೆದ್ದದ್ದು 19-18ರಿಂದ. 1953ರ ಮಾರ್ಚಿನಲ್ಲಿ ಬಾಸ್ಟನ್ ವಿರುದ್ಧ ನ್ಯಾಟ್ಸ್ ನಾಲ್ಕು ಓವರ್‌ಟೈಮ್ ಆಡಿ ಸೋತ ಪಂದ್ಯದಲ್ಲಿ ಬಾಸ್ಟನ್‌ನ ಬಾಬ್ ಕೂಸಿ ಗಳಿಸಿದ 50 ಅಂಕಗಳಲ್ಲಿ 30, ಫೌಲಿಗೆ ಪ್ರತಿಯಾಗಿ ಸಿಗುವ ಫ್ರೀ ಥ್ರೋಗಳಿಂದಲೇ ಬಂದವು. ದುಡ್ಡು ಕೊಟ್ಟು ಬಂದ ಪ್ರೇಕ್ಷಕ ಸೀಟಿಯ ಸದ್ದು ಕೇಳಿ ಮನೆಗೆ ಹೋಗುತ್ತಿದ್ದ.

ಮದ್ದು ಸಿಕ್ಕಿದ್ದು ಸಾದಾ ಭಾಗಾಕಾರದಲ್ಲಿ. ನೋಡಲು ಖುಷಿ ಕೊಟ್ಟ ಪಂದ್ಯಗಳಲ್ಲಿ ಪ್ರತಿ ತಂಡ ಸುಮಾರು 60 ಸಲ ಬುಟ್ಟಿಗೆ ಎಸೆದಿರುತ್ತದೆ, ಎರಡೂ ಸೇರಿ 120. ಪಂದ್ಯದ ಅವಧಿ 48 ನಿಮಿಷ, ಅಂದರೆ 2,880 ಸೆಕೆಂಡು. 120ರಿಂದ ಭಾಗಿಸಿದರೆ ಬರುವುದು 24. ಚೆಂಡು ಸಿಕ್ಕ ತಂಡ ಅಷ್ಟರೊಳಗೆ ಎಸೆಯಲೇಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಈ ಲೆಕ್ಕದ ಶ್ರೇಯಸ್ಸು ಬಿಯಾಸೋನೆಯದೋ ತಂಡದ ವ್ಯವಸ್ಥಾಪಕ ಲಿಯೋ ಫೆರಿಸ್‌ನದೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಇಬ್ಬರಿಗೂ ಸಲ್ಲಬೇಕೆನ್ನುವುದೇ ನ್ಯಾಯ. 1954ರ ಆಗಸ್ಟ್ 10ರಂದು ಸಿರಕ್ಯೂಸಿನ ಬ್ಲಾಡ್ಜೆಟ್ ಶಾಲೆಯ ಅಂಕಣದಲ್ಲಿ ಲೀಗಿನ ಮಾಲೀಕರೆದುರು ಇದರ ಪ್ರಯೋಗ ನಡೆಯಿತು. ಮುಂದಿನ ಋತುವಿನಲ್ಲಿ ತಂಡವೊಂದರ ಸರಾಸರಿ ಅಂಕ 79.5ರಿಂದ 93.1ಕ್ಕೆ ಏರಿತು. ಅಂತರರಾಷ್ಟ್ರೀಯ ಒಕ್ಕೂಟ 1956ರಲ್ಲಿ 30 ಸೆಕೆಂಡಿನ ಮಿತಿ ತಂದು, 2000ದಲ್ಲಿ ಅದನ್ನು 24ಕ್ಕೆ ಇಳಿಸಿತು. ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ 2017ರ ಮಹಿಳಾ ಏಷ್ಯಾ ಕಪ್ ನಡೆದಾಗ ಬುಟ್ಟಿಯ ಮೇಲೆ ಓಡಿದ್ದೂ ಇದೇ ಲೆಕ್ಕ.

ಗಡಿಯಾರ ಬಂದ ಮೊದಲ ವರ್ಷವೇ ಅದನ್ನು ತಂದವರ ಕೈಹಿಡಿಯಿತು. 1955ರ ಫೈನಲ್‌ನಲ್ಲಿ ಎದುರಾಳಿ ಇನ್ನೊಂದು ಚಿಕ್ಕ ನಗರದ ಫೋರ್ಟ್ ವೇನ್ ಪಿಸ್ಟನ್ಸ್. ಅವರ ಕ್ರೀಡಾಂಗಣವನ್ನು ಬೌಲಿಂಗ್ ಪಂದ್ಯಾವಳಿಗೆ ಕೊಟ್ಟಿದ್ದರಿಂದ ತವರು ಪಂದ್ಯಗಳನ್ನು ಇಂಡಿಯಾನಾಪೊಲಿಸ್‌ನಲ್ಲಿ ಆಡಬೇಕಾಯಿತು. ಮೂರು-ಮೂರು ಸಮವಾಗಿ, ಏಪ್ರಿಲ್ 10ರಂದು ಸಿರಕ್ಯೂಸಿನ ವಾರ್ ಮೆಮೋರಿಯಲ್ ಸಭಾಂಗಣದಲ್ಲಿ ಏಳನೆಯ ಪಂದ್ಯ. ನ್ಯಾಟ್ಸ್ ಒಂದು ಹಂತದಲ್ಲಿ 17 ಅಂಕ ಹಿಂದೆ. ಹಳೆಯ ನಿಯಮವಿದ್ದಿದ್ದರೆ ಪಿಸ್ಟನ್ಸ್ ಚೆಂಡು ಅಡಗಿಸಿಕೊಂಡೇ ಪ್ರಶಸ್ತಿ ಒಯ್ಯಬಹುದಿತ್ತು. ಗಡಿಯಾರ ಬಿಡಲಿಲ್ಲ. 12 ಸೆಕೆಂಡು ಉಳಿದಿದ್ದಾಗ ನ್ಯಾಟ್ಸ್‌ನ ಜಾರ್ಜ್ ಕಿಂಗ್ ಒಂದು ಫ್ರೀ ಥ್ರೋ ಹಾಕಿ, ಮರುಗಳಿಗೆ ಪಿಸ್ಟನ್ಸ್‌ನ ಆ್ಯಂಡಿ ಫಿಲಿಪ್‌ನ ಕೈಯಿಂದ ಚೆಂಡು ಕಸಿದ. 92-91. ಈ ತಂಡದ ಅರ್ಲ್ ಲಾಯ್ಡ್ ಮತ್ತು ಜಿಮ್ ಟಕರ್ ಎನ್‌ಬಿಎ ಪ್ರಶಸ್ತಿ ಗೆದ್ದ ಮೊದಲ ಕಪ್ಪುವರ್ಣೀಯ ಆಟಗಾರರು. 1950ರಲ್ಲಿ ವಾಷಿಂಗ್ಟನ್ ಪರ ಕಣಕ್ಕಿಳಿದು ಎನ್‌ಬಿಎ ಪಂದ್ಯ ಆಡಿದ ಮೊದಲ ಕಪ್ಪುವರ್ಣೀಯನೂ ಲಾಯ್ಡ್‌ನೇ.

ಆನಂತರ ಪಾಲ್ ಸೀಮೋರ್, ಅಲೆಕ್ಸ್ ಹ್ಯಾನಮ್ ತರಬೇತಿ ಕೊಟ್ಟರು. ಜಾನಿ ಕರ್, ಲ್ಯಾರಿ ಕಾಸ್ಟೆಲೊ, ಹ್ಯಾಲ್ ಗ್ರೀರ್ ಮಿಂಚಿದರು. ತಂಡ ಕಳಪೆಯಾದದ್ದಿಲ್ಲ, ಎನ್‌ಬಿಎಯ 14 ಋತುಗಳಲ್ಲಿ ಒಮ್ಮೆಯೂ ಪ್ಲೇಆಫ್ ತಪ್ಪಿಸಿಕೊಳ್ಳಲಿಲ್ಲ. ಬದಲಾದದ್ದು ಸುತ್ತಲಿನ ಲೀಗು. ಗಡಿಯಾರ ಆಟಕ್ಕೆ ವೇಗ ತಂದಿತು, ವೇಗ ಜನರನ್ನು ತಂದಿತು, ಜನರ ಹಿಂದೆ ದುಡ್ಡು ಬಂತು. ದುಡ್ಡಿಗೆ ಬೇಕಾದದ್ದು ದೊಡ್ಡ ಊರು. 1957ರಲ್ಲಿ ಫೋರ್ಟ್ ವೇನ್ ತಂಡ ಡೆಟ್ರಾಯಿಟ್‌ಗೂ, ರಾಚೆಸ್ಟರ್ ತಂಡ ಸಿನ್ಸಿನಾಟಿಗೂ ಹೋದವು. ಎಂಟು ಸಾವಿರ ಜನ ಹಿಡಿಸದ ಸಭಾಂಗಣ ನಂಬಿಕೊಂಡು ಸಿರಕ್ಯೂಸ್ ಒಂಟಿಯಾಗಿ ಉಳಿಯಿತು. ಆಟವನ್ನು ಉಳಿಸಿದ ಊರೇ ಆಟದ ಏಳಿಗೆಯಲ್ಲಿ ಜಾಗ ಕಳೆದುಕೊಂಡದ್ದು ಈ ಚರಿತ್ರೆಯ ಅತಿ ನೋವಿನ ಭಾಗ.

1962ರಲ್ಲಿ ವಾರಿಯರ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ಫಿಲಡೆಲ್ಫಿಯ ಬರಿದಾಗಿತ್ತು. 1963ರಲ್ಲಿ ಅರ್ವ್ ಕಾಸ್ಲಾಫ್ ಮತ್ತು ಐಕ್ ರಿಚ್‌ಮನ್ ನ್ಯಾಟ್ಸ್ ತಂಡವನ್ನು ಕೊಂಡು ಅಲ್ಲಿಗೆ ಒಯ್ದರು. ಹೊಸ ಊರಿನಲ್ಲಿ ಮೊದಲ ತರಬೇತುದಾರ ಶೇಯ್ಸ್‌ನೇ. 1992ರಲ್ಲಿ ತೀರಿಕೊಂಡ ಬಿಯಾಸೋನೆಗೆ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಗೌರವ ಸಂದದ್ದು 2000ದಲ್ಲಿ, ಅವನಿಲ್ಲದಾಗ. ಸಿರಕ್ಯೂಸಿನ ಆರ್ಮರಿ ಚೌಕದಲ್ಲಿ 2005ರಲ್ಲಿ ನಿಲ್ಲಿಸಿದ ಸ್ಮಾರಕ ಯಾರ ಪ್ರತಿಮೆಯೂ ಅಲ್ಲ, 24ರಿಂದ ಕೆಳಗೆಣಿಸುವ ಒಂದು ಗಡಿಯಾರ.